ವಾಸಿಯಾಗದ ಕಾಯಿಲೆ, ನಡೆಯಬೇಕಾದ ಮನೆ

(ಬಹುಕಾಲದ ಕಾಯಿಲೆ ಇರುವವರು ಮತ್ತು ಅವರ ಮನೆಯವರಿಗಾಗಿ ಮಂಡ್ಯದಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್, ಆಸ್ತಮಾ, ಸಂಧಿವಾತ, ಕಿಡ್ನಿ ತೊಂದರೆ, ಮೂರ್ಛೆ ರೋಗ. ಇಲ್ಲಿ ಕೂತಿರುವವರ ಮನೆಯಲ್ಲಿ ಇವುಗಳಲ್ಲಿ ಒಂದಾದರೂ ಇದೆ, ಕೆಲವರ ಮನೆಯಲ್ಲಿ ಮೂರು ನಾಲ್ಕು ಇವೆ. ಜ್ವರ ಬಂದರೆ ಮನೆ ಹೇಗೆ ನಡೆದುಕೊಳ್ಳಬೇಕು ಅನ್ನುವುದು ನಮಗೆ ಹೇಳಿಕೊಡಬೇಕಾಗಿಲ್ಲ. ಮಲಗಿಸುತ್ತೇವೆ, ಗಂಜಿ ಕೊಡುತ್ತೇವೆ, ಕೆಲಸ ಬಿಡಿಸುತ್ತೇವೆ, ನೆಂಟರು ಬಂದು ನೋಡಿಕೊಂಡು ಹೋಗುತ್ತಾರೆ, ವಾರದಲ್ಲಿ ಎಲ್ಲ ಮೊದಲಿನಂತಾಗುತ್ತದೆ. ಇಪ್ಪತ್ತು ವರ್ಷ ಜೊತೆಗಿರುವ ಕಾಯಿಲೆಗೂ ನಾವು ಇದೇ ರೀತಿ ಹಿಡಿಯಲು ಹೋಗುತ್ತೇವೆ. ಮೊದಲ ತಿಂಗಳು ಎಲ್ಲರಿಗೂ ಉತ್ಸಾಹ. ಒಬ್ಬರು ನುಗ್ಗೆಸೊಪ್ಪು ತರುತ್ತಾರೆ, ಇನ್ನೊಬ್ಬರು ಶುಗರ್ ನೋಡುವ ಮಿಷನ್ ತರುತ್ತಾರೆ. ಆರನೇ ತಿಂಗಳಿಗೆ ಆ ಮಿಷನ್ನಿನ ಸ್ಟ್ರಿಪ್ ಮುಗಿದದ್ದೂ ಯಾರಿಗೂ ಗೊತ್ತಿರುವುದಿಲ್ಲ. ಕಾಯಿಲೆಯವರು, ಜೊತೆಗೆ ಮನೆಯ ಒಬ್ಬ ಹೆಣ್ಣುಮಗಳು, ಇಬ್ಬರೇ ಉಳಿದಿರುತ್ತಾರೆ.

ಇಂಥ ಕಾಯಿಲೆ ಬಂದವರಿಗೆ ಎಲ್ಲರೂ ಹೇಳುವುದು ಧೈರ್ಯ ತಂದುಕೊಳ್ಳಿ ಎಂದು. ಧೈರ್ಯದ ಮಾತನ್ನು ಸ್ವಲ್ಪ ಆಮೇಲೆ ಆಡೋಣ. ಬಹುಕಾಲದ ಕಾಯಿಲೆ ಮೊದಲಿಗೆ ಒಂದು ಕೆಲಸ, ಅದೂ ರಜೆ ಇಲ್ಲದ ಕೆಲಸ. ಅದು ಎಷ್ಟಿದೆ, ಯಾರು ಮಾಡುತ್ತಾರೆ, ಕೆಟ್ಟ ದಿನ ಬಂದರೆ ಏನು ಮಾಡುವುದು ಎಂದು ಮೊದಲೇ ಗೊತ್ತುಮಾಡಿಕೊಂಡ ಮನೆಯಲ್ಲಿ ಮನಸ್ಸೂ ಅಷ್ಟು ಬೇಗ ಕುಸಿಯುವುದಿಲ್ಲ.

ಆದ್ದರಿಂದ ಇವತ್ತು ರಾತ್ರಿ ಒಂದು ಹಾಳೆ ತಗೊಂಡು ಕೆಲಸಗಳ ಪಟ್ಟಿ ಮಾಡಿ. ಶುಗರ್, ಬಿಪಿ ಎರಡೂ ಇರುವವರ ಮನೆಯದ್ದೇ ತಗೊಳ್ಳಿ. ದಿನಕ್ಕೆ ಮೂರು ಹೊತ್ತು ಮಾತ್ರೆ, ಬೇಕಾದಾಗ ಬೆರಳು ಚುಚ್ಚಿ ಶುಗರ್ ನೋಡುವುದು, ಸಂಜೆ ಪಾದ ನೋಡುವುದು, ಅಡುಗೆಯಲ್ಲಿ ಉಪ್ಪಿನ ಲೆಕ್ಕ, ತಿಂಗಳಿಗೊಮ್ಮೆ ಔಷಧಿ ತರುವುದು, ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ಪರೀಕ್ಷೆ, ವರ್ಷಕ್ಕೊಮ್ಮೆ ಕಣ್ಣಿನ ಪರದೆ, ಮೂತ್ರದ ಪ್ರೋಟೀನ್, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್. ಪ್ರತಿ ಸಾಲಿನ ಎದುರಿಗೆ ಅದನ್ನು ಮಾಡುವವರ ಹೆಸರು ಬರೆಯಿರಿ. ಎಲ್ಲ ಸಾಲಿನಲ್ಲೂ ಒಂದೇ ಹೆಸರು ಬಂದರೆ ಮುಂದಿನ ತೊಂದರೆ ಅಲ್ಲೇ ಕೂತಿದೆ. ಆ ಸೊಸೆ ತವರಿನಲ್ಲಿ ಯಾರೋ ತೀರಿಕೊಂಡರೆಂದು ಮೂರು ದಿನ ಹೋದರೆ ಮಾವನವರ ಮಾತ್ರೆ ಮೂರು ದಿನ ನಿಲ್ಲುತ್ತದೆ. ಔಷಧಿ ತರುವುದನ್ನು ಒಬ್ಬರಿಗೆ, ಆಸ್ಪತ್ರೆಗೆ ಜೊತೆ ಹೋಗುವುದನ್ನು ಇನ್ನೊಬ್ಬರಿಗೆ, ಬ್ಯಾಂಕು ಕಾರ್ಡು ಅರ್ಜಿಗಳನ್ನು ಬೆಂಗಳೂರಿನಲ್ಲಿರುವ ಮಗನಿಗೆ ಹಂಚಿ. ದೂರ ಇರುವವರು ಫೋನಿನಲ್ಲಿ ಸಲಹೆ ಕೊಡುವುದಕ್ಕಿಂತ ಇಂಥದ್ದೊಂದು ಕೆಲಸ ವಹಿಸಿಕೊಂಡರೆ ಮನೆಗೆ ದೊಡ್ಡ ಉಪಕಾರ.

ಎರಡನೆಯದು, ಒಂದು ಪುಟದ ಚೀಟಿ. ಹತ್ತು ವರ್ಷದ ರಿಪೋರ್ಟುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತುರುಕಿಕೊಂಡು ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಇಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ಗೋ ಹೋದರೆ ವೈದ್ಯರಿಗೆ ಅದನ್ನು ಓದಲು ಹೊತ್ತಿಲ್ಲ. ಮೇಲೊಂದು ಹಾಳೆ ಇರಲಿ. ಯಾವ ಕಾಯಿಲೆ ಯಾವ ವರ್ಷದಿಂದ, ಆಗಿರುವ ಆಪರೇಷನ್, ಆಗದ ಔಷಧಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಕೊನೆಯ ಕ್ರಿಯಾಟಿನಿನ್ ಮತ್ತು ಎಚ್‌ಬಿಎ1ಸಿ ಎಷ್ಟು, ಫೋನ್ ಮಾಡಬೇಕಾದ ಇಬ್ಬರ ನಂಬರು. ಇದರ ಫೋಟೋ ಮನೆಯ ಎಲ್ಲರ ಫೋನಿನಲ್ಲಿ ಇರಬೇಕು. ಮಾತ್ರೆ ಬದಲಾದ ದಿನವೇ ಹಾಳೆಯನ್ನೂ ಬದಲಿಸಿ. ಹಳೆಯ ಹಾಳೆ ಹಿಡಿದುಕೊಂಡು ಹೋಗುವುದಕ್ಕಿಂತ ಹಾಳೆ ಇಲ್ಲದಿರುವುದೇ ವಾಸಿ.

ಮಾತ್ರೆಯಲ್ಲಿ ಆಗುವ ಎಡವಟ್ಟು

ನಿರ್ಲಕ್ಷ್ಯದಿಂದ ಮಾತ್ರೆ ಬಿಡುವವರು ಇದ್ದಾರೆ, ಆದರೆ ಗೊಂದಲದಿಂದ ತಪ್ಪು ತಿನ್ನುವವರೂ ಕಡಿಮೆ ಇಲ್ಲ. ಒಂದೇ ಔಷಧಿಯನ್ನು ಬೇರೆ ಬೇರೆ ಕಂಪನಿಗಳು ಬೇರೆ ಬಣ್ಣ, ಬೇರೆ ಹೆಸರಿನಲ್ಲಿ ಮಾರುತ್ತವೆ. ಕಳೆದ ತಿಂಗಳು ಹಳದಿ ಮಾತ್ರೆ, ಈ ತಿಂಗಳು ಬಿಳಿ. ಇದು ಹೊಸ ಮಾತ್ರೆ ಎಂದುಕೊಂಡು ಅಜ್ಜ ಎರಡನ್ನೂ ನುಂಗುತ್ತಾರೆ, ಬಿಪಿ ಇಳಿದು ಬಚ್ಚಲಲ್ಲಿ ಬೀಳುತ್ತಾರೆ. ಹಾಳೆಯಲ್ಲಿ ಕಂಪನಿಯ ಹೆಸರಿನ ಬದಲು ಸ್ಟ್ರಿಪ್ಪಿನ ಮೇಲೆ ಸಣ್ಣ ಅಕ್ಷರದಲ್ಲಿರುವ ಮೂಲ ಔಷಧಿಯ ಹೆಸರು ಬರೆಯಿರಿ, ಆಮ್ಲೊಡಿಪಿನ್ 5 ಮಿಲಿಗ್ರಾಂ ಎಂಬಂತೆ. ಹೊಸ ಸ್ಟ್ರಿಪ್ ಬಂದಾಗ ಎರಡನ್ನೂ ಪಕ್ಕದಲ್ಲಿಟ್ಟು ಓದಿ, ಆಮೇಲೆ ಡಬ್ಬಿಗೆ ಹಾಕಿ.

ಡಬ್ಬಿ ಅಂದರೆ ವಾರದ ಏಳು ದಿನಕ್ಕೆ, ದಿನಕ್ಕೆ ಮೂರು ಮನೆ ಇರುವ ಮಾತ್ರೆ ಡಬ್ಬಿ. ಭಾನುವಾರ ಒಬ್ಬರು ತುಂಬಿಸಿ ಇನ್ನೊಬ್ಬರು ಕಣ್ಣಾಡಿಸಿದರೆ ‘ಬೆಳಗ್ಗೆ ತಗೊಂಡ್ನೋ ಇಲ್ವೋ’ ಅನ್ನುವ ಪ್ರಶ್ನೆ ಏಳುವುದಿಲ್ಲ, ಖಾಲಿ ಮನೆಯೇ ಉತ್ತರ ಹೇಳುತ್ತದೆ. ಒಂದು ಹೊತ್ತಿನದು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು. ಎಸ್‌ಆರ್, ಇಆರ್, ಎಕ್ಸ್‌ಎಲ್ ಎಂದು ಹೆಸರಿನ ಕೊನೆಗೆ ಇರುವ ಮಾತ್ರೆಗಳು ಹೊಟ್ಟೆಯಲ್ಲಿ ನಿಧಾನವಾಗಿ ಕರಗುವಂತೆ ಮಾಡಿದವು. ನುಂಗಲು ಕಷ್ಟ ಎಂದು ಅವನ್ನು ಕುಟ್ಟಿ ಪುಡಿಮಾಡಿ ಕೊಟ್ಟರೆ ದಿನದ ಔಷಧಿ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ತೆಗೆದುಕೊಂಡು, ಕಾಫಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ ಬೇಕು. ಬೆಳಗಿನ ಕಾಫಿ ತಡವಾಗುವುದು ಮೈಸೂರು ಸೀಮೆಯವರಿಗೆ ಸಣ್ಣ ಶಿಕ್ಷೆಯಲ್ಲ, ಒಪ್ಪುತ್ತೇವೆ. ಆದರೆ ಡೋಸ್ ಏರಿಸುತ್ತಾ ಹೋದರೂ ಟಿಎಸ್‌ಎಚ್ (ಥೈರಾಯ್ಡ್ ರಕ್ತ ಪರೀಕ್ಷೆಯ ಅಂಕಿ) ಇಳಿಯುತ್ತಿಲ್ಲ ಅನ್ನುವವರು ಮೊದಲು ನೋಡಬೇಕಾದದ್ದು ಈ ಕಾಫಿಯ ಹೊತ್ತನ್ನೇ.

ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಅದು ವಾರಕ್ಕೆ ಒಂದು ದಿನ ಮಾತ್ರ. ದಿನಾ ತಿಂದರೆ ರಕ್ತ ತಯಾರಾಗುವುದೇ ನಿಂತು, ಬಾಯೆಲ್ಲ ಹುಣ್ಣಾಗಿ, ಜೀವ ಹೋಗಬಹುದು. ಉಳಿದ ಮಾತ್ರೆಗಳ ಡಬ್ಬಿಗೆ ಅದನ್ನು ಹಾಕಬೇಡಿ. ಬೇರೆ ಇಟ್ಟು, ಮೇಲೆ ‘ಸೋಮವಾರ ಮಾತ್ರ’ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಅದೇ ರೀತಿ ಬಹಳ ದಿನ ಸ್ಟಿರಾಯ್ಡ್ ತೆಗೆದುಕೊಂಡವರು, ಮೂರ್ಛೆ ರೋಗದ ಮಾತ್ರೆಯವರು ‘ಈಗ ಚೆನ್ನಾಗಿದೀನಲ್ಲ’ ಎಂದು ತಟ್ಟನೆ ನಿಲ್ಲಿಸಬಾರದು. ಚೆನ್ನಾಗಿರುವುದು ಆ ಮಾತ್ರೆಯಿಂದಲೇ.

ನೋವಿನ ಮಾತ್ರೆಯನ್ನು ಯಾರೂ ಔಷಧಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಬ್ಬು ಕಡಿದು ಸೊಂಟ ಹಿಡಿದರೆ ಅಂಗಡಿಯಲ್ಲಿ ಡೈಕ್ಲೋಫೆನಾಕ್ ಕೇಳಿ ತರುತ್ತಾರೆ. ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರು ಅದರ ಜೊತೆ ಇದನ್ನೂ ತಿಂದು ಬಿಸಿಲಲ್ಲಿ ದುಡಿದರೆ ಕಿಡ್ನಿಗೆ ನೇರ ಪೆಟ್ಟು. ನೋವಿಗೆ ಯಾವ ಮಾತ್ರೆ, ದಿನಕ್ಕೆ ಎಷ್ಟು, ಎಷ್ಟು ದಿನ ಎಂದು ವೈದ್ಯರಿಂದಲೇ ಬರೆಸಿಕೊಳ್ಳಿ.

ಇನ್ಸುಲಿನ್, ಮತ್ತು ಶುಗರ್ ಇಳಿದಾಗ

ಇನ್ಸುಲಿನ್ ಸೀಸೆಗಳು ನಮ್ಮಲ್ಲಿ ಎರಡು ಗಾಢತೆಯಲ್ಲಿ ಬರುತ್ತವೆ, ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್. ಸಿರಿಂಜ್ ಕೂಡ ಎರಡು ಬಗೆ. 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. 100ರ ಔಷಧಿಯನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಪೆನ್ನಿನ ಕಾರ್ಟ್ರಿಡ್ಜ್ ಸಾಮಾನ್ಯವಾಗಿ 100ರದು. ಪೆನ್ ಕೆಟ್ಟಿತೆಂದು ಅದರಿಂದ ಹಳೆಯ ಸಿರಿಂಜಿನಲ್ಲಿ ಎಳೆದುಕೊಳ್ಳುವುದು ಇದೇ ಅನಾಹುತಕ್ಕೆ ದಾರಿ. ಅಂಗಡಿಯಲ್ಲಿ ಸಿರಿಂಜ್ ಕೊಳ್ಳುವಾಗ ಸೀಸೆಯನ್ನೂ ತೋರಿಸಿ.

ತೆರೆಯದ ಸೀಸೆ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಐಸ್ ಕಟ್ಟುವ ಖಾನೆಯ ಹತ್ತಿರ ಬೇಡ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಸರಿಯಾಗಿದ್ದರೂ ಕೆಲಸಕ್ಕೆ ಬಾರದು, ಎಸೆಯಬೇಕು. ಬಳಸುತ್ತಿರುವ ಸೀಸೆಯನ್ನು 30 ಡಿಗ್ರಿ ಮೀರದ ಕಡೆ ಸಾಮಾನ್ಯವಾಗಿ ನಾಲ್ಕು ವಾರದವರೆಗೆ ಹೊರಗಿಡಬಹುದು. ತೆರೆದ ತಾರೀಕನ್ನು ಅದರ ಮೇಲೆಯೇ ಬರೆಯಿರಿ. ಫ್ರಿಜ್ ಇಲ್ಲದ ಮನೆಯಲ್ಲಿ, ಏಪ್ರಿಲ್ ಬಿಸಿಲಲ್ಲಿ, ಒಂದು ಮಣ್ಣಿನ ಮಡಕೆಯೊಳಗೆ ಇನ್ನೊಂದು ಚಿಕ್ಕ ಮಡಕೆ ಇಟ್ಟು, ನಡುವೆ ಮರಳು ತುಂಬಿ, ಮರಳನ್ನು ಒದ್ದೆ ಮಾಡಿ. ಸೀಸೆಯನ್ನು ನೀರು ತಾಗದ ಡಬ್ಬಿಯಲ್ಲಿ ಹಾಕಿ ಒಳಗಿನ ಮಡಕೆಯಲ್ಲಿಡಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿ, ಗಾಳಿ ಆಡುವ ಕಡೆ ಇಡಿ. ನೀರು ಆವಿಯಾಗುತ್ತಾ ಒಳಗೆ ತಂಪು ಉಳಿಯುತ್ತದೆ. ಬೆಳ್ಳಗೆ ಮಸುಕಾಗಿರುವ ಇನ್ಸುಲಿನ್ ಆದರೆ ಚುಚ್ಚುವ ಮುಂಚೆ ಅಂಗೈ ನಡುವೆ ಹತ್ತು ಸಲ ಹೊರಳಿಸಿ, ಹತ್ತು ಸಲ ಮೇಲೆ ಕೆಳಗೆ ತಿರುಗಿಸಿ. ಕುಲುಕಬೇಡಿ. ಒಂದೇ ಜಾಗದಲ್ಲಿ ದಿನಾ ಚುಚ್ಚಿದರೆ ಚರ್ಮದಡಿ ಗಂಟು ಕಟ್ಟುತ್ತದೆ. ಅಲ್ಲಿ ನೋವಾಗುವುದಿಲ್ಲವೆಂದು ಜನ ಅಲ್ಲೇ ಚುಚ್ಚುತ್ತಾರೆ. ಔಷಧಿ ಒಂದು ದಿನ ಹೀರಿಕೊಂಡು ಇನ್ನೊಂದು ದಿನ ಹೀರಿಕೊಳ್ಳದೆ ಶುಗರ್ ಕುಣಿದಾಡುತ್ತದೆ.

ಶುಗರ್ 70ಕ್ಕಿಂತ ಕೆಳಗಿಳಿದರೆ ಕಾಯುವಂತಿಲ್ಲ. ಬೆವರು, ಕೈನಡುಕ, ಎದೆ ಡವಡವ, ಹಸಿವು, ಸುಮ್ಮನೆ ರೇಗುವುದು, ಮಾತು ತೊದಲುವುದು ಇದರ ಗುರುತು. ಮಿಷನ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರಬೇಡಿ, ಇಳಿದಿದೆ ಎಂದೇ ನಡೆದುಕೊಳ್ಳಿ. ಮೂರು ಚಮಚ, ಅಂದರೆ ಸುಮಾರು 15 ಗ್ರಾಂ ಗ್ಲೂಕೋಸ್ ಪುಡಿಯನ್ನು ಅರ್ಧ ಲೋಟ ನೀರಿಗೆ ಹಾಕಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಏರಿದ ಮೇಲೆ ಎರಡು ಇಡ್ಲಿಯೋ ಸ್ವಲ್ಪ ಅನ್ನವೋ ತಿನ್ನಬೇಕು, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ಚಾಕೊಲೇಟ್, ಮೈಸೂರು ಪಾಕ್ ಈ ಹೊತ್ತಿಗೆ ಆಗದು, ಅದರ ಜಿಡ್ಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುವ ಮಾತ್ರೆ ತಿನ್ನುವವರಿಗೆ ಸಕ್ಕರೆ, ಬೆಲ್ಲವೂ ಬೇಗ ಕೆಲಸ ಮಾಡುವುದಿಲ್ಲ. ಆ ಮಾತ್ರೆ ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ತಡೆಯುವುದರಿಂದ ಅವರಿಗೆ ಗ್ಲೂಕೋಸ್ ಪುಡಿಯೇ ಬೇಕು. ಗದ್ದೆಗೆ ಹೋಗುವಾಗ ಸೊಂಟದಲ್ಲಿ, ಬಸ್ಸಿನಲ್ಲಿ ಬ್ಯಾಗಿನಲ್ಲಿ, ರಾತ್ರಿ ದಿಂಬಿನ ಪಕ್ಕದಲ್ಲಿ ಅದೊಂದು ಪೊಟ್ಟಣ ಇರಲಿ.

ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆಯಿಂದ ಇಳಿದಿದ್ದರೆ ಒಮ್ಮೆ ಎಚ್ಚರವಾದರೂ ಅದೇ ದಿನ ಮತ್ತೆ ಇಳಿಯಬಹುದು. ‘ಎದ್ದು ಕೂತ್ರಲ್ಲ, ಮನೆಗೆ ಕರ್ಕೊಂಡು ಹೋಗ್ತೀವಿ’ ಅನ್ನಬಾರದು.

ಇನ್ನೊಂದು ಚೀಟಿಯನ್ನು ಆರೋಗ್ಯವಾಗಿರುವಾಗಲೇ ಬರೆಸಿಟ್ಟುಕೊಳ್ಳಿ. ವಾಂತಿ ಭೇದಿಯಾಗಿ ಏನೂ ತಿನ್ನಲಾಗದ ದಿನ ಯಾವ ಮಾತ್ರೆ ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಬಾರದು ಎಂದು. ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್, ಕೆಲವು ಬಿಪಿ ಮಾತ್ರೆ, ಮೂತ್ರದ ಮಾತ್ರೆಗಳನ್ನು ಮೈಯಲ್ಲಿ ನೀರಿಲ್ಲದ ದಿನ ತಾತ್ಕಾಲಿಕವಾಗಿ ನಿಲ್ಲಿಸಲು ವೈದ್ಯರು ಹೇಳುವುದುಂಟು. ಟೈಪ್ 1 ಸಕ್ಕರೆ ಕಾಯಿಲೆ (ಮೈ ಇನ್ಸುಲಿನ್ನನ್ನೇ ತಯಾರಿಸದ ಬಗೆ) ಇರುವವರು, ಮಕ್ಕಳಾಗಲಿ ದೊಡ್ಡವರಾಗಲಿ, ಊಟ ಮಾಡದಿದ್ದರೂ ಇನ್ಸುಲಿನ್ ಪೂರ್ತಿ ಬಿಡುವಂತಿಲ್ಲ.

ತಟ್ಟೆಯ ವಿಷಯ

ಮಂಡ್ಯದಲ್ಲಿ ನಿಂತು ಮುದ್ದೆಯ ಬಗ್ಗೆ ಕೊಂಕು ಮಾತಾಡುವುದು ಕಷ್ಟ. ಇಲ್ಲಿನ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲೇ ರಾಗಿಯ ಇಂಡಾಫ್ ತಳಿಗಳು ಬೆಳೆದವು. ರಾಗಿಯಲ್ಲಿ ನಾರಿದೆ, ಕ್ಯಾಲ್ಸಿಯಂ ಇದೆ, ಎಲ್ಲ ನಿಜ. ಆದರೆ ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 65ರಿಂದ 70 ಗ್ರಾಂನಷ್ಟು ಪಿಷ್ಟವೂ ಇದೆ. ‘ಮುದ್ದೆ ಎಷ್ಟುಂಡ್ರೂ ಶುಗರ್ ಏರಾಕಿಲ್ಲ’ ಅನ್ನುವುದು ಸುಳ್ಳು. ಎಷ್ಟು ದೊಡ್ಡ ಮುದ್ದೆ ಅನ್ನುವುದೇ ಪ್ರಶ್ನೆ. ಒಂದು ಸಲ ತಕ್ಕಡಿಯಲ್ಲಿ ಹಿಟ್ಟು ತೂಗಿ, ನಿಮ್ಮ ಪಾಲಿಗೆ ಗೊತ್ತುಮಾಡಿದಷ್ಟು ಯಾವ ಲೋಟಕ್ಕೆ ಬರುತ್ತದೆ ನೋಡಿಕೊಂಡು, ಇನ್ನು ಮುಂದೆ ಆ ಲೋಟದಲ್ಲೇ ಅಳೆಯಿರಿ. ಉಂಡ ಎರಡು ಗಂಟೆಗೆ ಶುಗರ್ ನೋಡಿದರೆ ಪಾಲು ಹೆಚ್ಚೋ ಕಡಿಮೆಯೋ ತಿಳಿಯುತ್ತದೆ. ಮೊದಲು ಬಸ್ಸಾರಿನ ಸೊಪ್ಪು ಕಾಳು ತಿಂದು ಆಮೇಲೆ ಮುದ್ದೆ ಮುರಿದರೆ ಏರಿಕೆ ನಿಧಾನವಾಗುತ್ತದೆ. ಅದೇ ಹಿಟ್ಟನ್ನು ತೆಳುವಾಗಿ ಗಂಜಿ ಮಾಡಿ ಕುಡಿದರೆ ಬೇಗ ಏರುತ್ತದೆ. ಇನ್ನು ಬೆಲ್ಲ. ನಮ್ಮ ಆಲೆಮನೆಯ ಬೆಲ್ಲ ಎಷ್ಟೇ ರುಚಿಯಿರಲಿ, ಶುಗರ್ ಏರಿಸುವುದರಲ್ಲಿ ಸಕ್ಕರೆಯ ತಮ್ಮನೇ.

ಬಿಪಿಯವರಿಗೆ ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು, ಒಂದು ಚಹಾ ಚಮಚದಷ್ಟು. ಉಪ್ಸಾರು, ಉಪ್ಪಿನಕಾಯಿ, ಹಪ್ಪಳ ಮೂರೂ ಒಂದೇ ತಟ್ಟೆಗೆ ಬಂದರೆ ಆ ಲೆಕ್ಕ ಒಂದೇ ಊಟಕ್ಕೆ ಮುಗಿದಿರಬಹುದು. ಸೋಡಿಯಂ ಕಡಿಮೆ ಇರುವ ಉಪ್ಪೆಂದು ಅಂಗಡಿಯಲ್ಲಿ ಸಿಗುವುದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು ಅದನ್ನು ಮುಟ್ಟಬಾರದು, ಬಿಪಿ ಮಾತ್ರೆಯವರು ಕೇಳಿಕೊಂಡೇ ಬಳಸಬೇಕು.

ಡಯಾಲಿಸಿಸ್‌ನವರಿಗೆ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲದು. ಮದ್ದೂರಿನ ಮೇಲೆ ಹೋಗುವಾಗ ಎಳನೀರು ನೋಡಿ ‘ತಂಪು ಅಲ್ವಾ, ಕುಡೀರಿ’ ಅನ್ನುವವರು ಪ್ರೀತಿಯಿಂದಲೇ ಅನ್ನುತ್ತಾರೆ. ಪೊಟ್ಯಾಸಿಯಂ ಹೆಚ್ಚಿರುವ ಎಳನೀರು, ಬಾಳೆಹಣ್ಣು ಡಯಾಲಿಸಿಸ್‌ನವರಿಗೆ ಸಲ್ಲ. ನೀರಿನ ಲೆಕ್ಕವನ್ನು ವೈದ್ಯರು ಸಾಮಾನ್ಯವಾಗಿ ಹಿಂದಿನ ದಿನದ ಮೂತ್ರದ ಅಳತೆಗೆ 500 ಮಿಲಿಲೀಟರ್ ಸೇರಿಸಿ ಹೇಳುತ್ತಾರೆ. ಇದನ್ನು ಪಾಲಿಸಲು ಒಂದು ಸುಲಭ ಉಪಾಯವಿದೆ. ಬೆಳಗ್ಗೆ ಅಷ್ಟು ನೀರನ್ನು ಒಂದು ಬಾಟಲಿಗೆ ತುಂಬಿ. ಕಾಫಿ, ಮಜ್ಜಿಗೆ, ಸಾರು ಏನೇ ಕುಡಿದರೂ ಅಷ್ಟೇ ನೀರನ್ನು ಬಾಟಲಿಯಿಂದ ಗಿಡಕ್ಕೆ ಸುರಿಯಿರಿ. ಬಾಟಲಿ ಖಾಲಿಯಾದರೆ ಅವತ್ತಿನ ಪಾಲು ಮುಗಿಯಿತು. ಉಪ್ಪು ಇಳಿಸದೆ ನೀರು ಇಳಿಸಲು ಹೋದವರು ಬಾಯಾರಿಕೆಗೆ ಸೋಲುತ್ತಾರೆ, ಅದು ಅವರ ತಪ್ಪಲ್ಲ. ಫಿಸ್ಟುಲಾ (ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸುವುದು) ಮಾಡಿದ ಕೈಯನ್ನು ದಿನಾ ಬೆಳಗ್ಗೆ ಮುಟ್ಟಿ ನೋಡಿ, ಒಳಗೆ ಝುಮ್ಮೆನ್ನುವ ಮಿಡಿತ ಇರಬೇಕು. ಇಲ್ಲದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಆ ಕೈಯಲ್ಲಿ ಬಿಪಿ ನೋಡಲು, ರಕ್ತ ತೆಗೆಯಲು ಬಿಡಬೇಡಿ.

ಪಾದದ ಮಾತು ಎರಡೇ ವಾಕ್ಯ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾದವರು ಹಂಡೆಯ ನೀರನ್ನು ಮೊಣಕೈಯಿಂದ ಮುಟ್ಟಿ ನೋಡಿಯೇ ಕಾಲಿಗೆ ಸುರಿಯಬೇಕು, ಬೇಸಿಗೆಯಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಮಧ್ಯಾಹ್ನ ನಡೆಯಬಾರದು. ಸಂಜೆ ಕಾಲು ತೊಳೆದು, ಬೆರಳ ಸಂದು ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಂಡರೆ ಹುಣ್ಣು ಸಣ್ಣದಿರುವಾಗಲೇ ಸಿಗುತ್ತದೆ.

ಆಯಾಸಕ್ಕೆ ಅಂಕೆ

ಆಯಾಸ ರಿಪೋರ್ಟಿನಲ್ಲಿ ಕಾಣುವುದಿಲ್ಲ, ಆದ್ದರಿಂದ ಮನೆಯವರು ನಂಬುವುದಿಲ್ಲ. ಸಂಧಿವಾತ, ಹೃದಯದ ತೊಂದರೆ, ಡಯಾಲಿಸಿಸ್ ಇರುವವರಲ್ಲಿ ಒಂದು ವರಸೆ ಮತ್ತೆ ಮತ್ತೆ ಕಾಣುತ್ತದೆ. ಮೈ ಹಗುರಾದ ದಿನ ಬಾಕಿ ಉಳಿದ ಕೆಲಸವನ್ನೆಲ್ಲ ಮಾಡುತ್ತಾರೆ, ಮುಂದಿನ ಎರಡು ದಿನ ಏಳಲಾಗುವುದಿಲ್ಲ. ‘ಮೊನ್ನೆ ಅಷ್ಟೆಲ್ಲ ಮಾಡಿದ್ರಿ, ಇವತ್ತೇನು’ ಎಂಬ ಮಾತು ಬೇರೆ. ಇದಕ್ಕೆ ದಾರಿಯೆಂದರೆ ಮೈ ಹಗುರಾದ ದಿನವೂ ಕೈ ಬಿಗಿಹಿಡಿಯುವುದು. ಸುಸ್ತಾದ ಮೇಲೆ ನಿಲ್ಲಿಸುವ ಬದಲು ಗಡಿಯಾರ ನೋಡಿ ನಿಲ್ಲಿಸಿ. ಇಪ್ಪತ್ತು ನಿಮಿಷ ಕೆಲಸ, ಹತ್ತು ನಿಮಿಷ ಕೂರುವುದು, ಇನ್ನೂ ಶಕ್ತಿ ಇದೆ ಅನ್ನಿಸಿದರೂ ಸರಿ. ತರಕಾರಿ ಹೆಚ್ಚುವುದು, ಸ್ನಾನ, ಬಟ್ಟೆ ಮಡಿಸುವುದು ಎಲ್ಲ ಸ್ಟೂಲಿನ ಮೇಲೆ ಕೂತು ಆಗುತ್ತದೆ. ನವರಾತ್ರಿಗೆ ಗೊಂಬೆ ಕೂರಿಸುವ ಮನೆಯಲ್ಲಿ ಮೆಟ್ಟಿಲು ಕಟ್ಟುವುದು ಒಂದು ದಿನ, ಪೆಟ್ಟಿಗೆ ಇಳಿಸಿಕೊಡುವುದು ಮಕ್ಕಳ ಪಾಲಿಗೆ, ಜೋಡಿಸುವುದು ಎರಡು ದಿನ. ಒಂಬತ್ತು ಮೆಟ್ಟಿಲಿದ್ದದ್ದು ಐದಾದರೆ ಗೊಂಬೆಗಳೇನೂ ಕೋಪಿಸಿಕೊಳ್ಳುವುದಿಲ್ಲ.

ಇನ್ನು ಮನಸ್ಸು

ಕಾಯಿಲೆ ಗೊತ್ತಾದಾಗ ಬರುವ ದುಃಖ ಸಹಜ. ಆರೋಗ್ಯವಾಗಿದ್ದ ತನ್ನನ್ನೇ ಕಳೆದುಕೊಂಡ ದುಃಖ ಅದು. ಒಮ್ಮೆ ಬಂದು ಮುಗಿಯುವುದೂ ಇಲ್ಲ. ಮಾತ್ರೆಯಿಂದ ಇನ್ಸುಲಿನ್‌ಗೆ ಹೋದಾಗ, ಕೆಲಸ ಬಿಡಬೇಕಾದಾಗ, ಬೀಗರೂಟದಲ್ಲಿ ಎಲ್ಲರ ಎಲೆ ನೋಡುತ್ತಾ ಕೂತಾಗ ಮತ್ತೆ ಬರುತ್ತದೆ. ‘ಎಷ್ಟೋ ಜನಕ್ಕೆ ಇದಕ್ಕಿಂತ ದೊಡ್ಡ ಕಾಯಿಲೆ ಇದೆ’ ಅನ್ನುವ ಸಮಾಧಾನ ಬಾಯಿ ಮುಚ್ಚಿಸುತ್ತದೆ ಅಷ್ಟೆ. ‘ತಿಂದೂ ತಿಂದೂ ಬರಿಸ್ಕೊಂಡೆ’ ಅನ್ನುವುದು ಇನ್ನೂ ಕೆಟ್ಟದ್ದು. ಬೈಸಿಕೊಂಡವರು ತಿನ್ನುವುದನ್ನು ಬಿಡುವುದಿಲ್ಲ, ಹೇಳಿ ತಿನ್ನುವುದನ್ನು ಬಿಡುತ್ತಾರೆ, ಮಿಷನ್ನಿನ ಸುಳ್ಳು ಅಂಕಿ ಬರೆಯುತ್ತಾರೆ. ಆಗ ವೈದ್ಯರೂ ಸುಳ್ಳಿನ ಮೇಲೆ ಔಷಧಿ ಬರೆಯುತ್ತಾರೆ.

ಮಾತ್ರೆ ತಿಂದ್ರಾ, ತಿಂದ್ರಾ ಎಂದು ದಿನಕ್ಕೆ ಹತ್ತು ಸಲ ಕೇಳುವುದರಿಂದ ಗಂಡ ಹೆಂಡತಿ ನಡುವೆ ಆಡಲು ಬೇರೆ ಮಾತೇ ಉಳಿಯುವುದಿಲ್ಲ. ಇಬ್ಬರೂ ಕೂತು ಒಪ್ಪಂದ ಮಾಡಿಕೊಳ್ಳಿ. ರಾತ್ರಿ ಊಟದ ಮುಂಚೆ ಒಂದು ಸಲ ಡಬ್ಬಿ ನೋಡುವುದು, ಅಷ್ಟೇ. ಉಳಿದ ಹೊತ್ತು ಕಾಯಿಲೆಯ ಮಾತು ಬೇಡ.

ನೆಂಟರ ಸಲಹೆಗೆ ವಾದ ಮಾಡಬೇಡಿ, ಶಕ್ತಿ ಹಾಳು. ‘ಆಯ್ತು ಕಣಣ್ಣ, ಡಾಕ್ಟ್ರನ್ನ ಕೇಳಿ ನೋಡ್ತೀನಿ’ ಎಂದು ಮಾತು ತಿರುಗಿಸಿ. ಆದರೆ ಹೆಸರಿಲ್ಲದ ಪೊಟ್ಟಣದ ಪುಡಿ ತಿಂದು ಮೂರೇ ದಿನಕ್ಕೆ ಕೀಲು ನೋವೆಲ್ಲ ಮಾಯವಾಯಿತೆಂದರೆ ಅನುಮಾನ ಪಡಿ. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು, ಭಸ್ಮಗಳಲ್ಲಿ ಸೀಸ ಪಾದರಸ ಇರುವುದು ಪತ್ತೆಯಾಗಿದೆ. ಮುಖ ಊದಿಕೊಳ್ಳುವುದು, ಶುಗರ್ ಏರುವುದು ಅದರ ಸುಳಿವು.

ಬೇಸರ ಯಾವಾಗ ಚಿಕಿತ್ಸೆ ಬೇಕಾದ ಖಿನ್ನತೆಯಾಗುತ್ತದೆ? ಎರಡು ವಾರ, ಹೆಚ್ಚುಕಡಿಮೆ ದಿನಾ, ಯಾವುದರಲ್ಲೂ ಆಸಕ್ತಿ ಇಲ್ಲ, ಮನಸ್ಸು ಮಂಕು, ನಿದ್ದೆ ಹಸಿವು ಕೆಟ್ಟಿದೆ ಎಂದರೆ ವೈದ್ಯರಿಗೆ ಹೇಳಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಕಂಡುಬರುತ್ತದೆ, ಅದಕ್ಕೆ ಔಷಧಿ, ಸಮಾಲೋಚನೆ ಎರಡೂ ಇವೆ. ‘ಇನ್ಯಾಕೆ ಇರಬೇಕು’ ಅನ್ನುವ ಮಾತು ಬಂದರೆ ‘ಸಾಯಬೇಕು ಅನ್ನಿಸ್ತಿದೆಯಾ’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ರೈತರ ಮನೆಯಲ್ಲಿ ಅವತ್ತೇ ಮಾಡಬೇಕಾದ ಕೆಲಸ, ಗದ್ದೆಗೆ ಹೊಡೆಯುವ ಔಷಧಿಯನ್ನು ಬೀಗ ಹಾಕಿ ಇಡುವುದು ಅಥವಾ ಮನೆಯಿಂದಲೇ ಸಾಗಿಸುವುದು. ಇನ್ಸುಲಿನ್ ಕೂಡ ಬೇರೆಯವರ ಕೈಯಲ್ಲಿರಲಿ. ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ನೋಡಿಕೊಳ್ಳುವವರೂ ಇದಕ್ಕೆ ಫೋನ್ ಮಾಡಬಹುದು. ಎಷ್ಟೋ ಸಲ ಮೊದಲು ಕುಸಿಯುವುದು ಅವರೇ.

ದುಡ್ಡು

ತಿಂಗಳ ಖರ್ಚಿನಲ್ಲಿ ಮಾತ್ರೆ, ಪರೀಕ್ಷೆ, ಬಸ್ಸು, ಕೂಲಿ ಹೋದ ದಿನ ನಾಲ್ಕನ್ನೂ ಬರೆಯಿರಿ. ಜನೌಷಧಿ ಕೇಂದ್ರದಲ್ಲಿ ಅದೇ ಮೂಲ ಔಷಧಿ ಅರ್ಧಕ್ಕೂ ಕಡಿಮೆ ಬೆಲೆಗೆ ಸಿಗುವುದುಂಟು. ಚೀಟಿಯಲ್ಲಿ ಮೂಲ ಹೆಸರು ಬರೆದುಕೊಡಿ ಎಂದು ವೈದ್ಯರನ್ನು ಕೇಳಿ. ಶುಗರ್, ಬಿಪಿಯ ಸಾಮಾನ್ಯ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್ಕಿನಲ್ಲಿ ಉಚಿತ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆಸ್ಪತ್ರೆ ಚಿಕಿತ್ಸೆಗೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡ 30ರಂತೆ 1.5 ಲಕ್ಷದವರೆಗೆ ಸಿಗುತ್ತದೆ. ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಸೇರುವ ಮುಂಚೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಸೇರಿದ ಮೇಲೆ ಓಡಾಡಿದರೆ ಕೆಲಸವಾಗುವುದಿಲ್ಲ. ದಿನಾ ತಿನ್ನುವ ಮಾತ್ರೆಗೆ ಇದು ಅನ್ವಯಿಸುವುದಿಲ್ಲ ಎಂಬುದನ್ನೂ ನೆನಪಿಡಿ. ಅಂಗವಿಕಲರ ಕಾರ್ಡಿಗಾಗಿ ಅಲೆಯುವವರಿಗೊಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ಅಂಗವೈಕಲ್ಯಗಳಲ್ಲಿ ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೋಫಿಲಿಯಾ, ಥಲಸೇಮಿಯಾ ಇವೆ. ಕಿಡ್ನಿ ವೈಫಲ್ಯ ಆ ಪಟ್ಟಿಯಲ್ಲಿಲ್ಲ. ಶುಗರಿನಿಂದ ಕಾಲು ಅಥವಾ ದೃಷ್ಟಿ ಕಳೆದುಕೊಂಡವರು ಅರ್ಜಿ ಹಾಕಬಹುದು.

ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇವೆ

‘ಶಿವರಾತ್ರಿ ಉಪವಾಸ ಬಿಡಬೇಕಾ?’ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಬಗೆಯ ಮಾತ್ರೆ ಇರುವವರು ನಿರಾಹಾರ ಇರುವುದು ಅಪಾಯ. ಒಂದು ವಾರ ಮುಂಚೆ ವೈದ್ಯರನ್ನು ಕಂಡು ಅವತ್ತಿನ ಡೋಸ್ ಬದಲಿಸಿಕೊಳ್ಳಿ. ಹಾಲು, ಹಣ್ಣು, ನೆನೆಸಿದ ಹೆಸರುಬೇಳೆಯನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದುಕೊಳ್ಳಿ. ಜಾಗರಣೆಯ ನಡುವೆ ಶುಗರ್ ನೋಡಿಕೊಳ್ಳಿ. 70ಕ್ಕಿಂತ ಕೆಳಗಿಳಿದರೆ ಉಪವಾಸ ಅಲ್ಲಿಗೆ ಮುರಿಯಬೇಕು. ಸಬ್ಬಕ್ಕಿ, ಅವಲಕ್ಕಿ, ತಂಬಿಟ್ಟು ಇವೆಲ್ಲ ಉಪವಾಸದ ಹೆಸರಿನ ಪಿಷ್ಟವೇ.

‘ಮಗಳಿಗೆ ಮೂರ್ಛೆ ರೋಗ ಇದೆ, ಗಂಡಿನ ಕಡೆಯವರಿಗೆ ಹೇಳಬೇಕಾ?’ ಹುಡುಗಿಯ ಒಪ್ಪಿಗೆ ಪಡೆದು, ನಿಶ್ಚಿತಾರ್ಥಕ್ಕೆ ಮುಂಚೆ ಹೇಳಿ. ಹೇಳದಿದ್ದರೆ ಅತ್ತೆಮನೆಯಲ್ಲಿ ಅವಳು ಕದ್ದು ಮಾತ್ರೆ ತಿನ್ನಬೇಕು. ಮದುವೆಯ ನಿದ್ದೆಗೇಡು, ಉಪವಾಸ, ತಪ್ಪಿದ ಡೋಸ್ ಮೂರೂ ಸೇರಿದಾಗಲೇ ಮೂರ್ಛೆ ಬರುವ ಸಂಭವ ಹೆಚ್ಚು. ಹೇಳುವಾಗ ಹುಡುಗ ಹುಡುಗಿ ಇಬ್ಬರನ್ನೂ ವೈದ್ಯರ ಹತ್ತಿರ ಕೂರಿಸಿ ಮಾತಾಡಿಸಿದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಅವಳು ಸೋಡಿಯಂ ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದರೆ ಅದು ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡುವ ಔಷಧಿ. ತಾನಾಗಿ ನಿಲ್ಲಿಸುವುದು ಬೇಡ. ಮದುವೆಗೆ ಕೆಲವು ತಿಂಗಳು ಮುಂಚೆಯೇ ನರರೋಗ ತಜ್ಞರನ್ನು ಕಂಡು ಬೇರೆ ಮಾತ್ರೆಗೆ ನಿಧಾನವಾಗಿ ಬದಲಿಸಲು ಆಗುತ್ತದೆಯೇ, ಫೋಲಿಕ್ ಆಸಿಡ್ ಯಾವಾಗಿನಿಂದ, ಎಷ್ಟು ಎಂದು ಕೇಳಿ ಬರೆಸಿಕೊಂಡು ಬನ್ನಿ.